ಉಪ್ಪಳಿಗೆ ಎಲೆಯ ಬಾಣಂತಿ

ಹೆಣ್ಣು ಕೊಡುವಾಗ ಜಾತಕ ನೋಡುವ ಹಾಗೆ ಹವ್ಯಾಸ ಹಿಡಿಯುವಾಗಲೂ ನೋಡುವ ಪದ್ಧತಿ ಇದ್ದಿದ್ದರೆ ಎಷ್ಟೋ ಸಂಸಾರಗಳು ನೆಮ್ಮದಿಯಾಗಿರುತ್ತಿದ್ದವು. ಸಂಗೀತ ಕಲಿಯುವವನ ನೆರೆಮನೆಯವರಿಗೆ ಕಿವಿ ಸ್ವಲ್ಪ ಮಂದವಿರಬೇಕು. ಕೈತೋಟ ಮಾಡುವವನಿಗೆ ನಾಲ್ಕು ಬುಟ್ಟಿ ಮಣ್ಣಾದರೂ ಬೇಕು. ಫೋಟೋ ತೆಗೆಯುವವನ ಮನೆಗೆ ಬೆಳಕು ಬರಬೇಕು. ನನ್ನ ವಿಷಯದಲ್ಲಿ ಯಾರೂ ಜಾತಕ ನೋಡಲಿಲ್ಲ. ನಾನು ಹುಳುಗಳ ಫೋಟೋ ತೆಗೆಯುವವನು, ಅದೂ ಮೀಸೆಯ ಕೂದಲು ಎಣಿಸುವಷ್ಟು ಹತ್ತಿರದಿಂದ. ಇರುವುದು ಕಾಶಿಯ ಬಂಗಾಲಿ ಟೋಲಾದ ಓಣಿಯೊಂದರಲ್ಲಿ, ಮೂರನೆಯ ಮಹಡಿಯ ಬಾಡಿಗೆ ಮನೆಯಲ್ಲಿ. ಈ ಓಣಿಯ ನಡುವೆ ನಿಂತು ಎರಡು ಕೈ ಚಾಚಿದರೆ ಎರಡೂ ಕಡೆಯ ಗೋಡೆ ಸಿಗುತ್ತದೆ. ಎದುರುಮನೆಯ ನೀರಿನ ಟ್ಯಾಂಕಿಗೂ ಪಕ್ಕದ ಮನೆಯವರು ಕೋತಿಗಳಿಗೆ ಹೆದರಿ ಹಾಕಿಸಿದ ಕಬ್ಬಿಣದ ಜಾಲರಿಗೂ ನಡುವೆ ಒಂದು ಮೊಳದಷ್ಟು ಆಕಾಶವಿದೆ. ಆ ಸಂದಿಯಿಂದ ಬಿಸಿಲು ಹನ್ನೊಂದೂ ಹತ್ತಕ್ಕೆ ನಮ್ಮ ಕಿಟಕಿಗೆ ಬಂದು, ಹನ್ನೊಂದೂ ನಲವತ್ತಕ್ಕೆ ಹೊರಟುಹೋಗುತ್ತದೆ. ಆ ಹೊತ್ತಿಗೆ ನಾನು ಬ್ಯಾಂಕಿನಲ್ಲಿ ಯಾರದೋ ಸಹಿ ಹೊಂದುತ್ತದೆಯೋ ಇಲ್ಲವೋ ಎಂದು ನೋಡುತ್ತ ಕುಳಿತಿರುತ್ತೇನೆ. ಹೀಗಾಗಿ ಭಾನುವಾರ ಮತ್ತು ಹಬ್ಬದ ರಜೆಗಳಲ್ಲಿ ಅರ್ಧ ಗಂಟೆ ಮಾತ್ರ ನಾನು ಕಲಾವಿದ.

ಈ ಕಲೆಯ ಕಷ್ಟ ಗೊತ್ತಿಲ್ಲದವರಿಗೆ ಒಂದೆರಡು ಮಾತು ಹೇಳಬೇಕು. ಹುಳುವಿಗೆ ಗೇಣು ದೂರದಲ್ಲಿ ಕ್ಯಾಮೆರಾ ಹಿಡಿದರೆ ಕಣ್ಣು ಸ್ಪಷ್ಟವಾದಾಗ ಕಾಲು ಮಸುಕು. ಕಾಲು ಸ್ಪಷ್ಟವಾದಾಗ ಕಣ್ಣಿಗೆ ಪೊರೆ. ಎರಡೂ ಬೇಕೆಂದರೆ ಲೆನ್ಸಿನ ಕಂಡಿಯನ್ನು ಕಿರಿದು ಮಾಡಬೇಕು. ಕಂಡಿ ಕಿರಿದಾದರೆ ಬೆಳಕು ಸಾಲದು. ಬೆಳಕು ಸಾಲದೆಂದು ಹೆಚ್ಚು ಹೊತ್ತು ತೆರೆದಿಟ್ಟರೆ ಹುಳು ಮೀಸೆ ಆಡಿಸುತ್ತದೆ, ಇಲ್ಲವೇ ನಾನು ಉಸಿರಾಡುತ್ತೇನೆ. ಕ್ಯಾಮೆರಾದ ಸೂಕ್ಷ್ಮತೆ ಏರಿಸಿದರೆ ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಕಾಳುಕಾಳು. ಫ್ಲ್ಯಾಶ್ ಹಾಕಿದರೆ ಬಣ್ಣದ ಹುಳುವಿನ ನುಣುಪು ಬೆನ್ನು ಫಳಕ್ಕೆಂದು ಹೊಳೆದು ಬಣ್ಣವೇ ಕಾಣುವುದಿಲ್ಲ. ಅದಕ್ಕೆ ಫ್ಲ್ಯಾಶಿನ ಮುಂದೆ ತೆಳುವಾದ ಪರದೆ ಕಟ್ಟಬೇಕು. ನಾನು ಹಾಲಿನ ಪ್ಯಾಕೆಟ್ಟು ಕಟ್ಟಿದೆ, ಇಡ್ಲಿಯ ಬಟ್ಟೆ ಕಟ್ಟಿದೆ, ಕೊನೆಗೆ ನನ್ನ ಹೆಂಡತಿ ವಸುಮತಿಯ ಹಳೆಯ ವಾಯಿಲ್ ಸೀರೆಯ ತುಂಡನ್ನೂ ಕಟ್ಟಿದೆ. ಟಾರ್ಚು ಹಿಡಿಯುವ ಕೆಲಸವೂ ಅವಳದೇ. ಅಲ್ಲಾಡಬೇಡ ಎಂದರೆ ಅವಳ ಕೈ ಅಲ್ಲಾಡುತ್ತದೆ, ಉಸಿರು ಹಿಡಿ ಎಂದರೆ ನಗು ಬರುತ್ತದೆ. "ಮದುವೆಯಾಗಿ ಇಪ್ಪತ್ತೇಳು ವರ್ಷ ಆಯ್ತು, ನನ್ನ ಮುಖವನ್ನು ನೀವು ಇಷ್ಟು ಹತ್ತಿರದಿಂದ ನೋಡಿದ್ದುಂಟಾ?" ಎಂದು ಒಮ್ಮೆ ಕೇಳಿದಳು. ನಾನು ಆಗ ಒಂದು ನೊಣದ ಕಣ್ಣಿನಲ್ಲಿ ಮುಳುಗಿದ್ದೆ, ಉತ್ತರ ಕೊಡಲಿಲ್ಲ. ಕೊಡಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ.

ಈ ಹುಚ್ಚು ಹಿಡಿದದ್ದು ಇಲ್ಲಲ್ಲ. ನಾನು ಬಯಲುಸೀಮೆಯವ, ತುಮಕೂರು ಕಡೆ. ಹಿಂದೆ ಒಂದು ಐದು ವರ್ಷ ನನ್ನನ್ನು ಸುಳ್ಯದಾಚೆಯ ಸಣ್ಣ ಶಾಖೆಯೊಂದಕ್ಕೆ ಹಾಕಿದ್ದರು. ಶಾಖೆಯ ಹಿಂಬಾಗಿಲು ತೆರೆದರೆ ನೇರವಾಗಿ ಕಾಡು, ಹಾಡುಹಗಲೇ ದೀಪ ಹಾಕಬೇಕಾದಂಥ ಕಾಡು. ಅಲ್ಲಿನ ಟ್ಯೂಬ್‌ಲೈಟಿಗೆ ಎಂಥೆಂಥ ಹುಳುಗಳು ಬರುತ್ತಿದ್ದವೆಂದರೆ, ನವಿಲು ಬಣ್ಣದವು, ತಾಮ್ರದ ಬಣ್ಣದವು, ಮೈಮೇಲೆ ರಂಗೋಲಿ ಬಿಡಿಸಿಕೊಂಡವು, ಗ್ರಾಹಕರಿಗಿಂತ ಅವೇ ಹೆಚ್ಚು. ಪಾಸ್‌ಬುಕ್ಕಿನ ಮೇಲೆ ಕುಳಿತ ಒಂದು ಹಸಿರು ಜೀರುಂಡೆಯನ್ನು ನೋಡುತ್ತ ನಾನು ಮೈಮರೆತದ್ದೇ ಮೊದಲು. ಆಮೇಲೆ ಕ್ಯಾಮೆರಾ, ಆಮೇಲೆ ಲೆನ್ಸು, ಆಮೇಲೆ ಬಡ್ತಿ, ಬಡ್ತಿಯ ಬೆನ್ನಿಗೇ ಕಾಶಿಗೆ ವರ್ಗ. ಕಾಶಿಯಲ್ಲಿ ಮೋಕ್ಷ ಸಿಗುತ್ತದೆ, ಜೀರುಂಡೆ ಸಿಗುವುದಿಲ್ಲ. ಮೂರು ವರ್ಷಗಳಲ್ಲಿ ನಾನು ತೆಗೆದದ್ದು ಜಿಲೇಬಿ ಅಂಗಡಿಯ ಕಣಜ, ನೊಣ, ಸೊಳ್ಳೆ ಮತ್ತು ನಮ್ಮ ಸ್ನಾನದ ಮನೆಯ ಜಿರಳೆಯ ಒಂದು ಸುಮಾರಾದ ಭಾವಚಿತ್ರ.

ಕೇದಾರ ಘಾಟು ನಮ್ಮ ಮನೆಯಿಂದ ನಾಲ್ಕು ನಿಮಿಷದ ದಾರಿ. ಇದರಿಂದಾಗಿ ನಮ್ಮ ಬಂಧುಬಳಗದಲ್ಲಿ ಯಾರು ತೀರಿಕೊಂಡರೂ ಹದಿನೈದು ಇಪ್ಪತ್ತು ದಿನದಲ್ಲಿ ನಮ್ಮ ಬಾಗಿಲಲ್ಲಿ ಇಬ್ಬರು ಮೂವರು ನಿಂತಿರುತ್ತಾರೆ. ಅಸ್ಥಿಯ ಕುಡಿಕೆಯನ್ನು ಮನೆಯೊಳಗೆ ತರಬಾರದೆಂದು ಮಾಲೀಕರಾದ ತಿವಾರಿಯವರು ಕೆಳಗಿನ ಬಾಗಿಲ ಪಕ್ಕದಲ್ಲಿ ಒಂದು ಮೊಳೆಯನ್ನೇ ಹೊಡೆಸಿಕೊಟ್ಟಿದ್ದಾರೆ. ಬೇರೆಯವರ ಮನೆಗೆ ನೆಂಟರು ಬಂದರೆ ಹೋಳಿಗೆ ಆಗುತ್ತದೆ. ನಮ್ಮ ಮನೆಗೆ ಬಂದರೆ ಉಪ್ಪು ಕಡಿಮೆ ಹಾಕಿದ ಅಡುಗೆ. ಇದನ್ನು ದೂರೆಂದು ಹೇಳುತ್ತಿಲ್ಲ. ಅಳುವವರಿಗೆ ಒಂದು ಕೋಣೆ ಕೊಡುವುದು ಸಣ್ಣ ಪುಣ್ಯವಲ್ಲ ಎಂದು ವಸುಮತಿ ಹೇಳುತ್ತಾಳೆ. ಕೋಣೆ ಎಂದರೆ ನಾನು ಹುಳುಗಳಿಗೆ ಮೇಜು ಹಾಕಿಕೊಂಡಿರುವ ಕೋಣೆ.

ಕಳೆದ ಚಳಿಗಾಲಕ್ಕೆ ಮೊದಲು ಸರೋಜಕ್ಕ ಬಂದದ್ದೂ ಹೀಗೆಯೇ. ಸರೋಜಕ್ಕ ಎಂದರೆ ವಸುಮತಿಯ ದೊಡ್ಡಮ್ಮನ ಮಗಳು, ಸುಳ್ಯದ ಕಡೆಯವರು. ಅವರ ಗಂಡ ಪಾರ್ಶ್ವವಾಯು ಬಡಿದು ಎರಡು ವರ್ಷ ಹಾಸಿಗೆಯಲ್ಲಿದ್ದು ತೀರಿಕೊಂಡು ಎರಡು ತಿಂಗಳಾಗಿತ್ತು. ಮಕ್ಕಳಿಲ್ಲ. ಮೈದುನ ಗಣಪಯ್ಯನವರು ಅಸ್ಥಿ ತಂದಿದ್ದರು. ಬಂದ ದಿನವೇ ಕರ್ಮಗಳನ್ನು ಮುಗಿಸಿ, ತಾವು ಮೂವರು ಸ್ನೇಹಿತರೊಡನೆ ಗಯೆ, ಪ್ರಯಾಗ ನೋಡಿಕೊಂಡು ಸೋಮವಾರ ಬರುವುದಾಗಿಯೂ, ಅಲ್ಲಿಯವರೆಗೆ ಅತ್ತಿಗೆ ನಮ್ಮಲ್ಲೇ ಇರಲೆಂದೂ ಹೇಳಿದರು. ವಸುಮತಿಗೆ ಸಂತೋಷವೇ. ಆದರೆ ಚಿಂತೆಯೂ ಆಯಿತು. ಸರೋಜಕ್ಕ ಮಧ್ಯಾಹ್ನ ಎರಡು ತುತ್ತು ತಿನ್ನುವರು, ರಾತ್ರಿ ಒಂದು ಲೋಟ ಮಜ್ಜಿಗೆ, ಎರಡು ತಿಂಗಳಿಂದ ಅಷ್ಟೇ ಎಂದು ಗಣಪಯ್ಯನವರೇ ಹೇಳಿದರು. ಮುಖ ಒಣಗಿ ಇಷ್ಟೇ ಆಗಿತ್ತು. "ಅಲ್ಲಿ ಹೋದ ಮೇಲೆ ಒಬ್ಬಳೇ ಇರುವವಳು. ಈ ಐದು ದಿನದಲ್ಲಿ ಅಕ್ಕ ಸರಿಯಾಗಿ ಒಂದು ಊಟ ಮಾಡಿದ್ದನ್ನು ನೋಡದೆ ನಾನು ಕಳಿಸುವುದಿಲ್ಲ," ಎಂದು ವಸುಮತಿ ನನಗೆ ಹೇಳಿಟ್ಟಳು. ಇದನ್ನು ಅವಳು ನನಗೆ ಹೇಳಿದ್ದು ಅವರು ಬಂದಿಳಿದ ಬುಧವಾರ ಬೆಳಿಗ್ಗೆಯೇ. ನಾನು ಆಯಿತೆಂದೆ. ಒಂದು ಗಂಟೆಯೊಳಗೆ ಮರೆತೆ.

ಮರೆಯಲು ಕಾರಣವಿತ್ತು. ನಮ್ಮವರು ಕಾಶಿಗೆ ಬಂದರೂ ದರ್ಭೆಯಿಂದ ಹಿಡಿದು ಬಾಳೆ ಎಲೆಯವರೆಗೆ ಊರಿನಿಂದಲೇ ತರುತ್ತಾರೆ. ಇಲ್ಲಿ ಸಿಗುವುದರ ಮೇಲೆ ಅವರಿಗೆ ನಂಬಿಕೆಯಿಲ್ಲ. ವೀಳ್ಯದೆಲೆಗೆ ಹೆಸರಾದ ಬನಾರಸ್ಸಿಗೆ ಸರೋಜಕ್ಕ ತಮ್ಮ ಬಳ್ಳಿಯ ವೀಳ್ಯದೆಲೆ ತಂದಿದ್ದರು. ಅದು ಬಾಡಬಾರದೆಂದು ಉಪ್ಪಳಿಗೆ ಎಂಬ ಕಾಡುಮರದ ಅಗಲ ಎಲೆಗಳಲ್ಲಿ ಸುತ್ತಿ, ಮೇಲೆ ಒದ್ದೆ ಬಟ್ಟೆ ಕಟ್ಟಿದ್ದರು. ಆ ಕಡೆಯವರು ಬೆಲ್ಲ, ಕಡುಬು ಎಲ್ಲವನ್ನೂ ಆ ಎಲೆಯಲ್ಲೇ ಸುತ್ತುತ್ತಾರೆ. ಅಡುಗೆಮನೆಯಲ್ಲಿ ವಸುಮತಿ ಕಟ್ಟು ಬಿಚ್ಚಿ ಎಲೆಗಳನ್ನು ಒಂದೊಂದಾಗಿ ತೆಗೆಯುತ್ತಿದ್ದಳು. ಮೂರನೆಯ ಎಲೆಯ ಅಡಿಯಲ್ಲಿ, ತೊಟ್ಟಿನ ಹತ್ತಿರ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡದೊಂದು ಹುಳು ಕುಳಿತಿತ್ತು. ಮಾಗಿದ ಕಿತ್ತಳೆಯ ಬಣ್ಣ. ಬೆನ್ನಮೇಲೆ ಕಪ್ಪು ಬೊಟ್ಟುಗಳು, ಪ್ರತಿ ಬೊಟ್ಟಿನ ಸುತ್ತ ಕೆನೆಬಣ್ಣದ ಗೆರೆ. ಮೂರು ದಿನ ರೈಲಿನಲ್ಲಿ ಬಂದಿತ್ತು, ಕದಲಿರಲಿಲ್ಲ. ವಸುಮತಿಯ ಕೈ ಪೊರಕೆಯ ಕಡೆಗೆ ಹೋಯಿತು. ನಾನು ಕಿರುಚಿದೆ. ಅವಳ ಮೇಲೆ ನಾನು ಹಾಗೆ ದನಿಯೆತ್ತಿದ್ದು ಅದೇ ಮೊದಲು. ಹೊರಗೆ ಕುಳಿತಿದ್ದ ಗಣಪಯ್ಯನವರು ಯಾರಿಗೆ ಏನಾಯಿತೆಂದು ಒಳಗೆ ಬಂದರು. ಸರೋಜಕ್ಕ ಮಾತ್ರ ಗಾಬರಿಯಾಗಲಿಲ್ಲ. "ಎಂತ ಇಲ್ಲ, ನಮ್ಮ ಉಪ್ಪಳಿಗೆ ಮರದ್ದೇ. ಮೊಟ್ಟೆ ಇಟ್ಟಿದ್ದಾಳೆ, ಅದಕ್ಕೆ ಎದ್ದು ಹೋಗಲಿಲ್ಲ," ಎಂದರು.

ಬಗ್ಗಿ ನೋಡಿದರೆ ನಿಜ. ಹೊಟ್ಟೆಯ ಅಡಿಯಲ್ಲಿ, ಅಂಚಿನಲ್ಲಿ ಮಾತ್ರ ಕಾಣುವಂತೆ, ಸಣ್ಣ ಸಬ್ಬಕ್ಕಿಯಂಥ ಮೊಟ್ಟೆಗಳ ಸಾಲು. ಇದು ತಿಗಣೆಯ ದೂರದ ಬಳಗ, ಕಾಡಿನಲ್ಲಿರುವಾಗ ಎರಡು ಸಲ ನೋಡಿದ್ದೆ, ಎರಡು ಸಲವೂ ಬೆಳಕಿಲ್ಲದೆ ಫೋಟೋ ಕೆಟ್ಟಿತ್ತು. ಮೊಟ್ಟೆ ಒಡೆಯುವವರೆಗೆ ತಾಯಿ ಮೇಲಿಂದ ಏಳುವುದಿಲ್ಲ, ತಿನ್ನುವುದಿಲ್ಲ, ಕುಡಿಯುವುದಿಲ್ಲ. ತಿಗಣೆಯ ಬಳಗವೆಂದು ಬಾಯಿತಪ್ಪಿ ಹೇಳಿಬಿಟ್ಟೆ. ವಸುಮತಿ ಆ ರಾತ್ರಿಯೇ ಹಾಸಿಗೆಗಳನ್ನೆಲ್ಲ ಕೊಡವಿದಳು. ಎಲೆಯ ತೊಟ್ಟನ್ನು ಸ್ಟೀಲ್ ಲೋಟದ ನೀರಿನಲ್ಲಿಟ್ಟು ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಿ, ಮರುದಿನದಿಂದ ನಾನು ಬ್ಯಾಂಕಿಗೆ ರಜೆ ಹಾಕಿದೆ. ಕಾರಣ: ಮನೆಗೆ ಬಂದ ನೆಂಟರ ಆರೈಕೆ. ಸುಳ್ಳು ಹೇಳಿದ ಹಾಗೂ ಆಗಲಿಲ್ಲ.

ಬುಧವಾರ ಘಾಟಿನಲ್ಲಿ ಇನ್ನೊಂದು ಪ್ರಸಂಗ ನಡೆದಿತ್ತು. ಕಾಶಿಗೆ ಬಂದವರು ತಮಗೆ ಇಷ್ಟವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಇಲ್ಲಿ ಬಿಟ್ಟು ಹೋಗಬೇಕು, ಮತ್ತೆ ಜನ್ಮದಲ್ಲಿ ಮುಟ್ಟಬಾರದು ಎಂಬುದು ನಮ್ಮಲ್ಲಿ ನಡೆದುಬಂದ ರೂಢಿ. ಇದರಲ್ಲಿ ಮೋಸವೂ ಉಂಟು. ನನ್ನ ಸೋದರಮಾವ, ಡಾಕ್ಟರು ಮೊದಲೇ ಬಿಡಿಸಿದ್ದ ಜಿಲೇಬಿಯನ್ನು ವಿಶ್ವನಾಥನಿಗೆ ದೊಡ್ಡ ತ್ಯಾಗವೆಂಬಂತೆ ಒಪ್ಪಿಸಿ ಹೋದರು. ನನ್ನ ಅಮ್ಮ ಮಾತ್ರ ಹಲಸಿನ ಹಣ್ಣು ಬಿಟ್ಟು ಬಂದಳು. ಆಮೇಲೆ ಪ್ರತಿ ವರ್ಷವೂ ಕೈಗೆ ಎಣ್ಣೆ ಸವರಿಕೊಂಡು, ಹಣ್ಣು ಬಿಡಿಸಿ, ನಮಗೆಲ್ಲ ಹಂಚಿ, ಕೈ ತೊಳೆದುಕೊಳ್ಳುವ ಮೊದಲು ಒಂದು ಸಲ ಬೆರಳು ಮೂಸುತ್ತಿದ್ದಳು. ಇರಲಿ. ನಮ್ಮ ಘಾಟಿನ ಭಟ್ಟರು ಮೂರು ತಲೆಮಾರಿನಿಂದ ಕಾಶಿಯವರು. ಅವರ ಕನ್ನಡಕ್ಕೆ ಇಲ್ಲಿನ ನೀರು ಚೆನ್ನಾಗಿ ಹತ್ತಿದೆ. "ಬೋಲಿಯೇ ಅಮ್ಮ, ಏನು ಬಿಡ್ತೀರಿ? ಏಕ್ ಫಲ, ಏಕ್ ಸಬ್ಜಿ," ಎಂದು ಕೇಳಿದರು. ಸರೋಜಕ್ಕ ನೀರು ನೋಡುತ್ತ, "ನನಗೆ ಬಿಡಲಿಕ್ಕೆ ಎಂತ ಉಳಿದಿದೆ ಭಟ್ಟರೆ? ಎಲ್ಲ ಅದಾಗಿಯೇ ಬಿಟ್ಟು ಹೋಗಿದೆ," ಎಂದರು. ಊರಿಗೆ ಹೋಗುವ ದಿನ ಹೇಳಿದರೂ ನಡೆಯುತ್ತದೆ ಎಂದರು ಭಟ್ಟರು.

ಗುರುವಾರ ಬಿಸಿಲು ಬರುವ ಹೊತ್ತಿಗೆ ವಸುಮತಿ ತರಕಾರಿಗೆ ಹೋಗಿದ್ದಳು. ಬಿಸಿಲು ಎಲೆಯ ಮೇಲ್ಭಾಗಕ್ಕೆ ಬೀಳುತ್ತದೆ, ಹುಳು ಕುಳಿತಿರುವುದು ಅಡಿಯಲ್ಲಿ. ಬೆಳಕನ್ನು ಕೆಳಗಿನಿಂದ ಮೇಲಕ್ಕೆ ತಿರುಗಿಸಬೇಕು. ಊಟದ ದೊಡ್ಡ ಸ್ಟೀಲ್ ತಟ್ಟೆಯೊಂದನ್ನು ಹಿಡಿದು ಒಬ್ಬನೇ ಒದ್ದಾಡುತ್ತಿರುವಾಗ ಸರೋಜಕ್ಕ ಬಂದು, ಕೇಳದೆಯೇ ತಟ್ಟೆ ತೆಗೆದುಕೊಂಡು ಕೆಳಗೆ ಕುಳಿತರು. ಬೆಳಕು ಎಲೆಯ ಅಡಿಗೆ ಹೋಗಿ ನಿಂತಿತು. ನಿಂತದ್ದು ನಿಂತೇ ಇತ್ತು. ಅರ್ಧ ಗಂಟೆ ಆ ಕೈ ಒಂದು ಎಳ್ಳಿನಷ್ಟೂ ಅಲ್ಲಾಡಲಿಲ್ಲ. ಇಷ್ಟು ವರ್ಷದಲ್ಲಿ ನಾನು ಇಂಥ ಕೈ ನೋಡಿಲ್ಲ, ಅಂಗಡಿಯಲ್ಲಿ ಸಿಗುವ ಸ್ಟ್ಯಾಂಡೂ ಹೀಗೆ ನಿಲ್ಲುವುದಿಲ್ಲ ಎಂದೆ. ಅವರು ತಟ್ಟೆಯಿಂದ ಕಣ್ಣು ತೆಗೆಯದೆ, "ಎರಡು ವರ್ಷ ಅವರಿಗೆ ಚಮಚದಲ್ಲಿ ಗಂಜಿ ಕುಡಿಸಿದೆ ಭಾವ. ಕೈ ಅಲ್ಲಾಡಿದರೆ ಕುತ್ತಿಗೆಗೆ ಚೆಲ್ಲುತ್ತದೆ. ಚೆಲ್ಲಿದರೆ ಅವರಿಗೆ ನಾಚಿಕೆ ಆಗುತ್ತಿತ್ತು," ಎಂದರು.

ಅಂದಿನಿಂದ ಕಿಟಕಿಯ ಕಟ್ಟೆ ಅವರ ಜಾಗವಾಯಿತು. ಬೆಳಿಗ್ಗೆ ಎದ್ದು ಲೋಟದ ನೀರು ಬದಲಾಯಿಸುವರು, ತೊಟ್ಟಿನ ತುದಿಯನ್ನು ಕೂದಲೆಳೆಯಷ್ಟು ಕತ್ತರಿಸುವರು. ಹುಳುವಿಗೆ ಬಾಣಂತಿ ಎಂದೇ ಹೆಸರು. "ಬಾಣಂತಿ ಇವತ್ತು ಎಡಗಡೆಗೆ ವಾಲಿದ್ದಾಳೆ," "ಬಾಣಂತಿಗೆ ಗಾಳಿ ಬಡೀತದೆ, ಕಿಟಕಿ ಅರ್ಧ ಹಾಕು ವಸು," ಹೀಗೆ. ಶುಕ್ರವಾರ ಕಟ್ಟೆಯ ಪಕ್ಕದಲ್ಲಿ ಕುಳಿತೇ ಎರಡು ಇಡ್ಲಿ ತಿಂದರು. ಶನಿವಾರ ಮೂರು. ವಸುಮತಿ ಅಡುಗೆಮನೆಯ ಬಾಗಿಲಿನಿಂದ ಬೆರಳೆತ್ತಿ ನನಗೆ ಲೆಕ್ಕ ತೋರಿಸಿದಳು. ನನಗೆ ಬೇರೆ ಯೋಚನೆ. ಮೂರು ದಿನದಲ್ಲಿ ಮುನ್ನೂರು ಫೋಟೋ ತೆಗೆದಿದ್ದೆ, ಎಲ್ಲದರಲ್ಲೂ ಬೆನ್ನೇ. ಮೊಟ್ಟೆಗಳನ್ನು ಅವಳು ಅಂಚಿನ ಸಾಲೊಂದನ್ನು ಬಿಟ್ಟು ಪೂರ್ತಿಯಾಗಿ ಮುಚ್ಚಿಕೊಂಡಿದ್ದಳು. ಬೆನ್ನಿನ ಫೋಟೋ ಯಾರು ಬೇಕಾದರೂ ತೆಗೆಯುತ್ತಾರೆ. ಮೊಟ್ಟೆಗಳ ಮೇಲೆ ಬೆಳಕು ಬಿದ್ದು, ಪ್ರತಿಯೊಂದರ ಒಳಗಿನ ಕೆಂಪು ಚುಕ್ಕೆ ಕಂಡು, ಮೇಲೆ ತಾಯಿ ಒಂದಿಷ್ಟು ಓರೆಯಾಗಿ ನಿಂತಿದ್ದರೆ, ಅದು ಫೋಟೋ.

ಭಾನುವಾರ ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ಸರೋಜಕ್ಕ ತಟ್ಟೆ ಹಿಡಿದರು. ನಾನು ಲೆನ್ಸು ಒರೆಸುವ ಮೃದುವಾದ ಕುಂಚವನ್ನು ತೆಗೆದುಕೊಂಡು ಹುಳುವಿನ ಮಗ್ಗುಲನ್ನು ಮೆಲ್ಲಗೆ ಒತ್ತಿದೆ. ಅವಳು ಆ ಕಡೆಗೇ ವಾಲಿ ಬೆನ್ನನ್ನು ಗುರಾಣಿಯ ಹಾಗೆ ಅಡ್ಡ ಹಿಡಿದಳು. ಇನ್ನೊಂದು ಕಡೆಯಿಂದ ಒತ್ತಿದೆ; ಅಲ್ಲಿಗೂ ವಾಲಿದಳು. ಕೋಣೆಯ ತುಂಬ ಕಟುವಾದ ವಾಸನೆ ಬಂತು; ಇಂಥ ಹುಳುಗಳು ಹೆದರಿದಾಗ ಬಿಡುವ ವಾಸನೆ. "ಬೇಡ ಭಾವ," ಎಂದರು ಸರೋಜಕ್ಕ. ಹನ್ನೊಂದೂ ಮೂವತ್ತೈದಾಗಿತ್ತು. ಇನ್ನು ಐದು ನಿಮಿಷದ ಬಿಸಿಲು. ಒಂದೇ ಸಲ ಅಕ್ಕ, ಎಂದು ಮೂರನೆಯ ಬಾರಿ ಸ್ವಲ್ಪ ಬಲವಾಗಿ ಒತ್ತಿ ಗುಂಡಿ ಅದುಮಿದೆ. ಹುಳು ಕೈಬಿಟ್ಟು ಬಿತ್ತು. ಕಟ್ಟೆಯ ಮೇಲೆ ಬೀಳಲಿಲ್ಲ, ಕಿಟಕಿಯ ಸರಳಿನ ನಡುವೆ ಹೊರಗೆ, ಮೂರು ಮಹಡಿ ಕೆಳಗಿನ ಓಣಿಗೆ ಬಿತ್ತು.

ಈಗ ನಾನು ಹೇಳಬೇಕಾದದ್ದು ನನಗೆ ಹೇಳಲು ಇಷ್ಟವಿಲ್ಲದ ಮಾತು. ಸರೋಜಕ್ಕ ಕಿಟಕಿಯಿಂದ ಕೆಳಗೆ ನೋಡಿದರು. ನಾನು ಕ್ಯಾಮೆರಾದ ಪರದೆ ನೋಡಿದೆ. ಫೋಟೋ ಬಂದಿತ್ತು. ಎಂಬತ್ತು ತೊಂಬತ್ತು ಮೊಟ್ಟೆಗಳು, ಒಂದೊಂದೂ ಸ್ಪಷ್ಟ, ಒಂದೊಂದರಲ್ಲೂ ಚುಕ್ಕೆ, ಎಲ್ಲೂ ಒಂದು ಕಾಳು ರವೆಯಿಲ್ಲ. ಅಷ್ಟು ಒಳ್ಳೆಯ ಫೋಟೋವನ್ನು ನಾನು ಜೀವಮಾನದಲ್ಲಿ ತೆಗೆದಿರಲಿಲ್ಲ. ಬಂತು, ಬಂತು ಎಂದು ನಾನು ತಲೆಯೆತ್ತುವಷ್ಟರಲ್ಲಿ ತಟ್ಟೆ ನೆಲದ ಮೇಲಿತ್ತು, ಮೊಣಕಾಲು ನೋವೆಂದು ದೇವಸ್ಥಾನಕ್ಕೂ ಹೋಗದಿದ್ದ ಸರೋಜಕ್ಕ ಮೆಟ್ಟಿಲು ಇಳಿಯುತ್ತಿದ್ದರು.

ನಾನು ಕೆಳಗೆ ಹೋಗುವ ಹೊತ್ತಿಗೆ ಅವರು ಓಣಿಯ ಕಲ್ಲುಹಾಸಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಹುಡುಕುತ್ತಿದ್ದರು. ಒಂದು ಸ್ಕೂಟರು ನಿಂತಿತ್ತು, ಅದರ ಹಿಂದೆ ಇನ್ನೊಂದು. ಪಾನ್ ಅಂಗಡಿಯವನು ಇಳಿದು ಬಂದು, "ಕಾ ಹೇರಾ ಗಇಲ್ ಮಾತಾಜಿ?" ಎಂದು ಏನು ಕಳೆದುಹೋಯಿತೆಂದು ಕೇಳಿದ. ಸರೋಜಕ್ಕನಿಗೆ ಹಿಂದಿಯೇ ಬಾರದು, ಇದಂತೂ ಬನಾರಸಿ. ಹೆಬ್ಬೆರಳಿನ ಉಗುರು ತೋರಿಸಿ, ಗೋಡೆಯ ಮೇಲಿನ ಹನುಮಂತನ ಸಿಂಧೂರ ತೋರಿಸಿ, "ಇಷ್ಟು ದೊಡ್ಡದು, ಈ ಬಣ್ಣ," ಎಂದರು. ಮಾಣಿಕ್ಯದ ಓಲೆ ಬಿದ್ದಿದೆಯೆಂದು ಓಣಿಗೆ ಓಣಿಯೇ ತೀರ್ಮಾನಿಸಿತು. ಸೀರೆ ಅಂಗಡಿಯವನು, ಹಾಲಿನವನು, ಸ್ಕೂಟರಿನ ಇಬ್ಬರು, ತಿವಾರಿಯವರು, ಎಲ್ಲರೂ ಕುಕ್ಕರಗಾಲಿನಲ್ಲಿ ಕುಳಿತು ಕಲ್ಲಿನ ಸಂದಿಗಳಲ್ಲಿ ಬೆರಳಾಡಿಸಿದರು. ಅಷ್ಟರಲ್ಲಿ ತಿರುವಿನಿಂದ 'ರಾಮ್ ನಾಮ್ ಸತ್ಯ ಹೈ' ಎಂದು ಕೇಳಿಸಿತು. ಎಲ್ಲರೂ ಎದ್ದು ಗೋಡೆಗೆ ಬೆನ್ನು ಹಚ್ಚಿ ನಿಂತೆವು. ಚೆಂಡುಹೂವು ಮುಚ್ಚಿದ ಒಂದು ಶರೀರವನ್ನು ಹೊತ್ತು ಅವರು ಘಾಟಿನ ಕಡೆಗೆ ಹೋದರು. ಸರೋಜಕ್ಕ ಕೈಮುಗಿದು, ಅದು ತಿರುವು ದಾಟುವವರೆಗೆ ನೋಡಿ, ಮತ್ತೆ ಕುಳಿತು ಹುಡುಕತೊಡಗಿದರು. 'ಎಷ್ಟು ಗುಂಜಿ ತೂಕದ ಓಲೆ?' ಎಂದು ತಿವಾರಿಯವರು ನನ್ನನ್ನು ಹಿಂದಿಯಲ್ಲಿ ಕೇಳಿದರು. ಓಲೆಯಲ್ಲ, ಹುಳು ಎಂದೆ. ಅವರು ಎದ್ದು, ಪಂಚೆಯ ಧೂಳು ಕೊಡವಿಕೊಂಡು, ನನ್ನ ಮುಖವನ್ನು ಹತ್ತಿರದಿಂದ ನೋಡಿದರು.

ಸಿಕ್ಕಿದ್ದು ಮೂಲೆಯ ಹೂವಿನವಳ ಬುಟ್ಟಿಯಲ್ಲಿ. ಕಿತ್ತಳೆ ಬಣ್ಣದ ಚೆಂಡುಹೂವುಗಳ ನಡುವೆ ಕಿತ್ತಳೆ ಬಣ್ಣದ ಹುಳು. ನನ್ನ ಕಣ್ಣು ಎರಡು ಸಲ ದಾಟಿ ಹೋಗಿತ್ತು, ಸರೋಜಕ್ಕನ ಕಣ್ಣು ದಾಟಲಿಲ್ಲ. ಅಂಗೈಯಲ್ಲಿ ಮುಚ್ಚಿಕೊಂಡು ಮೆಟ್ಟಿಲು ಹತ್ತಿದರು, ಪ್ರತಿ ಮೆಟ್ಟಿಲಿಗೂ ಗೋಡೆ ಹಿಡಿದು. ಮೇಲೆ ಬಂದು ನೋಡಿದರೆ ಎಲೆಗೆ ಇರುವೆ ಮುತ್ತಿತ್ತು. ಕಾಲು ಭಾಗ ಮೊಟ್ಟೆ ಆಗಲೇ ಹೋಗಿದ್ದವು. ಸರೋಜಕ್ಕ ಇರುವೆಗಳನ್ನು ಊದಿ ಊದಿ ಬೀಳಿಸಿ, ಸಕ್ಕರೆ ಡಬ್ಬಿಗೆ ಮಾಡುವ ಹಾಗೆ ಲೋಟವನ್ನು ನೀರು ತುಂಬಿದ ತಟ್ಟೆಯ ನಡುವೆ ಇಟ್ಟರು. ಬೆಳಕಿಗೆ ಹಿಡಿದಿದ್ದ ಅದೇ ತಟ್ಟೆ. ಹುಳುವನ್ನು ಎಲೆಯ ಮೇಲೆ ಬಿಟ್ಟರೆ ಅದು ಮೊಟ್ಟೆಯ ಕಡೆಗೆ ತಿರುಗಿಯೂ ನೋಡದೆ ಅಂಚಿನಲ್ಲಿ ಸುತ್ತತೊಡಗಿತು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ನಾನು ಏನಾದರೂ ಸಮಜಾಯಿಷಿ ಹೇಳುತ್ತಿದ್ದೆ. ವಸುಮತಿ ಎರಡು ಸಲ ಊಟಕ್ಕೆ ಕರೆದಳು. ಹಸಿವಿಲ್ಲ ಎಂದರು. ಬಡಿಸಿದ ಅನ್ನ ಆರಿತು. ವಸುಮತಿ ಅಡುಗೆಮನೆಯಲ್ಲಿ ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ನಾಲ್ಕು ದಿನದಿಂದ ಒಂದೊಂದೇ ಇಡ್ಲಿ ಏರಿಸಿದ್ದೆ. ನಿಮ್ಮ ಒಂದು ಕುಂಚಕ್ಕೆ ಎಲ್ಲ ಹೋಯ್ತು," ಎಂದಳು. ನನಗೆ ನಿಜವಾಗಿ ನಾಚಿಕೆಯಾಯಿತು. ಸರೋಜಕ್ಕನ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳುವ ಧೈರ್ಯ ಬರಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹುಳು ಅಂಚಿನಿಂದ ತೊಟ್ಟಿನ ಕಡೆಗೆ ನಡೆಯಿತು. ಉಳಿದ ಮೊಟ್ಟೆಗಳ ಹತ್ತಿರ ನಿಂತು, ಮೀಸೆಯಿಂದ ಒಂದೊಂದನ್ನೇ ಮುಟ್ಟಿ ನೋಡಿ, ಮೆಲ್ಲಗೆ ಮೇಲೇರಿ ಕುಳಿತಿತು. ಸರೋಜಕ್ಕ ಇನ್ನೂ ಸ್ವಲ್ಪ ಹೊತ್ತು ಕಾದು, ಅದು ಕದಲುವುದಿಲ್ಲವೆಂದು ಖಾತ್ರಿಯಾದ ಮೇಲೆ ಒಳಗೆ ತಿರುಗಿ, "ವಸು, ಅನ್ನ ಉಂಟಾ?" ಎಂದು ಕೇಳಿದರು. ಎರಡು ಸಲ ಬಡಿಸಿಕೊಂಡು ಉಂಡರು. ವಸುಮತಿ ಸಾರಿನ ಸೌಟು ಹಿಡಿದುಕೊಂಡೇ ಅತ್ತಳು.

ಊಟವಾದ ಮೇಲೆ ಸರೋಜಕ್ಕನೇ ಫೋಟೋ ತೋರಿಸಿ ಎಂದರು. ಕಂಪ್ಯೂಟರಿನ ಪರದೆಯ ತುಂಬ ದೊಡ್ಡದು ಮಾಡಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಚಂದ ಬಂದಿದೆ," ಎಂದರು. ಮತ್ತೂ ಸ್ವಲ್ಪ ಹೊತ್ತು ನೋಡಿ, "ಅಮ್ಮ ಎಲ್ಲಿ?" ಎಂದು ಕೇಳಿದರು. ಅವರು ಚುಚ್ಚಲು ಕೇಳಿದ್ದಲ್ಲ. ಚಿತ್ರದ ಯಾವುದಾದರೂ ಮೂಲೆಯಲ್ಲಿ ಇರಬಹುದೆಂದು ನಿಜವಾಗಿ ಹುಡುಕುತ್ತಿದ್ದರು. ಅವಳು ಬಿದ್ದದ್ದರಿಂದಲೇ ಈ ಫೋಟೋ ಬಂದದ್ದು ಎಂದು ನಾನು ಹೇಗೆ ಹೇಳಲಿ?

ಸೋಮವಾರ ಗಣಪಯ್ಯನವರ ತಂಡ ಬಂತು. ಸಂಜೆಗೆ ರೈಲು. ಬೆಳಿಗ್ಗೆ ಕೊನೆಯ ಸ್ನಾನಕ್ಕೆ ಕೇದಾರ ಘಾಟಿಗೆ ಹೋದೆವು. ಭಟ್ಟರು ಮರೆತಿರಲಿಲ್ಲ. "ಹಾಂ ಅಮ್ಮ, ಈಗ ಹೇಳಿ. ಫಲ? ಸಬ್ಜಿ?" ಎಂದರು. ಸರೋಜಕ್ಕ ಸೊಂಟದವರೆಗಿನ ನೀರಿನಲ್ಲಿ ನಿಂತು, "ಹಣ್ಣಲ್ಲ ಭಟ್ಟರೆ. ಅವರಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕಿತ್ತು, ಇಲ್ಲದಿದ್ದರೆ ಹುಣ್ಣಾಗುತ್ತದೆ. ಅವರು ಹೋಗಿ ಎರಡು ತಿಂಗಳಾಯ್ತು. ನನಗೆ ಈಗಲೂ ಎರಡು ಗಂಟೆಗೊಮ್ಮೆ ಎಚ್ಚರ ಆಗ್ತದೆ, ಎದ್ದು ಗಡಿಯಾರ ನೋಡ್ತೇನೆ. ಅದನ್ನು ಇಲ್ಲಿ ಬಿಡ್ತೇನೆ," ಎಂದರು. ಭಟ್ಟರು ಸಂಕಲ್ಪ ಶುರುಮಾಡಿ, ಅದಕ್ಕೆ ಸಂಸ್ಕೃತ ಹೊಳೆಯದೆ, "ಗಡಿಯಾರ ನೋಡುವುದನ್ನು" ಎಂದು ಕನ್ನಡದಲ್ಲೇ ಹೇಳಿ, ಅವರ ಕೈಯಿಂದ ನೀರು ಬಿಡಿಸಿದರು. ಅದರ ನಂತರ ನನ್ನ ಕಡೆಗೆ ತಿರುಗಿದರು. "ಸಾಹೇಬ್ರು ಮೂರು ವರ್ಷದಿಂದ ಏನೂ ಬಿಡದೆ ಮುಫ್ತಿನಲ್ಲಿ ಕಾಶೀವಾಸ ಮಾಡ್ತಿದಾರೆ. ನಿಮ್ಮದೂ ಆಗಿಹೋಗಲಿ." ಕಾಶಿಯಲ್ಲೇ ಇರುವವರಿಗೆ ಈ ನಿಯಮವಿಲ್ಲವೆಂದು ನಾನು ಇಷ್ಟು ದಿನ ನನ್ನಷ್ಟಕ್ಕೆ ನಂಬಿಕೊಂಡಿದ್ದೆ. ಪಕ್ಕದಲ್ಲಿ ಸರೋಜಕ್ಕ ಒದ್ದೆ ಸೆರಗಿನಲ್ಲಿ ನಡುಗುತ್ತ ನಿಂತಿದ್ದರು. ಆ ಫೋಟೋ, ಎಂದೆ. ಯಾವ ಫೋಟೋ ಎಂದರು ಭಟ್ಟರು. "ನೀರು ಬಿಡಿಸಿ ಭಟ್ಟರೆ, ಅದು ಆಗ್ತದೆ," ಎಂದರು ಸರೋಜಕ್ಕ.

ಮನೆಗೆ ಬಂದವನೇ ವಸುಮತಿಯ ಎದುರಿಗೆ ಕ್ಯಾಮೆರಾದಿಂದಲೂ ಕಂಪ್ಯೂಟರಿನಿಂದಲೂ ಅದನ್ನು ಅಳಿಸಿದೆ. ಕಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆಮೇಲೆ ಎರಡು ದಿನ ಮನಸ್ಸು ಹಗುರವಾಗಿತ್ತು. ಬ್ಯಾಂಕಿನಲ್ಲಿ ಮೂವರಿಗೆ ನನ್ನ ತ್ಯಾಗದ ಕಥೆ ಹೇಳಿದೆ. ಅವರಲ್ಲಿ ಒಬ್ಬರು ಕಣ್ಣೊರೆಸಿಕೊಂಡರು. ಸರೋಜಕ್ಕ ಲೋಟವನ್ನು ಮಡಿಲಲ್ಲಿಟ್ಟುಕೊಂಡೇ ರೈಲಿನಲ್ಲಿ ಹೋದರು. ನಾಗಪುರ ದಾಟಿದ ಮೇಲೆ ಮೊಟ್ಟೆ ಒಡೆದವಂತೆ. ಎಳ್ಳುಕಾಳಿನಂಥ ಮರಿಗಳು ತಾಯಿಯ ಹೊಟ್ಟೆಯಡಿಯಲ್ಲೇ ಗುಂಪಾಗಿ ಕುಳಿತು ಊರು ತಲುಪಿದವಂತೆ. ಮನೆಯ ಹಿಂದಿನ ಉಪ್ಪಳಿಗೆ ಮರಕ್ಕೆ ಎಲೆ ಕಟ್ಟಿದರು. ಮರಿಗಳು ಚದುರುವವರೆಗೆ ತಾಯಿ ಇದ್ದಳು, ಒಂದು ಬೆಳಿಗ್ಗೆ ನೋಡಿದರೆ ಇರಲಿಲ್ಲ ಎಂದು ಫೋನಿನಲ್ಲಿ ಹೇಳಿದರು. ತಮಗೆ ಈಗ ಬೆಳಗಿನ ಐದರವರೆಗೆ ಎಚ್ಚರವಾಗುವುದಿಲ್ಲ ಎಂದೂ ಹೇಳಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ನನಗೂ ಗೌರವವಿರುತ್ತಿತ್ತು. ಆದರೆ ಒಂದು ಸಂಗತಿ ನಾನು ಭಟ್ಟರಿಗೂ ಹೇಳಿರಲಿಲ್ಲ, ವಸುಮತಿಗೂ ಹೇಳಿರಲಿಲ್ಲ. ಭಾನುವಾರ ಮಧ್ಯಾಹ್ನ, ಸರೋಜಕ್ಕ ಊಟ ಬಿಟ್ಟು ಎಲೆಯ ಪಕ್ಕದಲ್ಲಿ ಕುಳಿತಿದ್ದಾಗ, ನಾನು ಒಳಕೋಣೆಯಲ್ಲಿ ಆ ಫೋಟೋವನ್ನು ಹುಳು ಫೋಟೋಗ್ರಾಫರುಗಳ ಮೊಬೈಲ್ ಗುಂಪಿಗೆ ಕಳಿಸಿದ್ದೆ. ಕೈ ತಡೆಯಲಿಲ್ಲ. ಎಪ್ಪತ್ತು ಜನ ಹೊಗಳಿದ್ದರು. ಗಂಗೆಯಲ್ಲಿ ನಿಂತು ನೀರು ಬಿಡುವಾಗ ಅದು ಎಲ್ಲೆಲ್ಲಿಗೆ ಹೋಗಿತ್ತೋ ಯಾರು ಬಲ್ಲರು. ಕಳೆದ ವಾರ ಸರೋಜಕ್ಕ ಫೋನು ಮಾಡಿದರು. ಗಣಪಯ್ಯನವರ ಮೊಬೈಲಿಗೆ ಯಾರೋ ಬೆಳಿಗ್ಗೆ ಒಂದು ಚಿತ್ರ ಕಳಿಸಿದ್ದಾರೆ, ಉಪ್ಪಳಿಗೆ ಎಲೆಯ ಮೇಲೆ ಮೊಟ್ಟೆಗಳು, ಮೇಲೆ ಗುಲಾಬಿ ಅಕ್ಷರದಲ್ಲಿ 'ಶುಭೋದಯ' ಎಂದಿದೆ, ಕೆಳಗೆ 'ತಾಯಿಯ ಮಮತೆಗೆ ಸಾಟಿಯಿಲ್ಲ' ಎಂದು ಬರೆದಿದೆ ಎಂದರು. "ನೀವು ಕಾಶಿಯಲ್ಲಿ ಬಿಟ್ಟದ್ದು ನಮ್ಮ ಮನೆಗೇ ಬಂತಲ್ಲ ಭಾವ," ಎಂದು ನಕ್ಕರು. ಗಂಡ ಹೋದ ಮೇಲೆ ಅವರು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕ್ಷಮೆ ಕೇಳಬೇಕಾದ ಜಾಗ ಅದು, ನನಗೂ ಗೊತ್ತಿತ್ತು. ಆದರೆ ಮೊಬೈಲಿನಲ್ಲಿ ಮೊಟ್ಟೆಯ ಒಳಗಿನ ಕೆಂಪು ಚುಕ್ಕೆ ಸರಿಯಾಗಿ ಕಾಣಿಸುತ್ತದೆಯೇ ಎಂದು ಕೇಳದೆ ನನಗೆ ಫೋನು ಇಡಲಾಗಲಿಲ್ಲ.